ಬೂದನಿಗೆ ಒಂದು ಶಿಳ್ಳೆ

ಆತಗೂರು ಕಡೆ ಮರಿಸಿದ್ದಯ್ಯನ ಮುಖ ಕಂಡಿರದವರೂ ಅವನ ಶಿಳ್ಳೆ ಕೇಳಿ ಗುರುತು ಹಿಡಿಯುತ್ತಿದ್ದರು. ಎತ್ತು ನೀರಿಗೆ ಬಾಯಿಟ್ಟಾಗ ಶಿಳ್ಳೆ ಹಾಕಬೇಕು, ಆಗ ಅದು ಹೊಟ್ಟೆ ತುಂಬ ಕುಡಿಯುತ್ತದೆ. ಹಾಗಂತ ಅಪ್ಪ ಕೆರೆ ಏರಿ ಮೇಲೆ ನಿಲ್ಲಿಸಿಕೊಂಡು ಕಲಿಸಿದ್ದ. ಎಂಥಾ ಶಿಳ್ಳೆ ಅದು! ಕಬ್ಬಿನ ಗಾಡಿ ಹೂಡಿಕೊಂಡು ಮಂಡ್ಯದ ಕಾರ್ಖಾನೆ ಮುಂದೆ ಸಾಲು ನಿಂತ ದಿನಗಳಲ್ಲಿ, ಇವನು ತನ್ನ ಜೋಡಿಗೆ ಶಿಳ್ಳೆ ಹಾಕಿದರೆ ಹಿಂದಿನ ಗಾಡಿಯ ಎತ್ತುಗಳೂ ಕುಡಿಯುತ್ತಿದ್ದವು. "ನಮ್ಮವ್ಕೂ ಒಂದೀಟು ಸಿಳ್ಳೆ ಆಕಣ್ಣೋ" ಎಂದು ದುದ್ದದ ಗಾಡಿಯವರು ಬಕೆಟ್ ಹಿಡಿದು ಬರುತ್ತಿದ್ದರು. ಅದನ್ನು ನೆನೆದರೆ ಈಗಲೂ ಅವನ ಎದೆ ಉಬ್ಬುತ್ತದೆ.

ಈಗ ಗಾಡಿಯಿಲ್ಲ. ಜೋಡಿಯಲ್ಲಿ ಉಳಿದವನು ಬೂದ ಒಬ್ಬನೇ, ಅವನಿಗೂ ವಯಸ್ಸಾಗಿದೆ. ಹೀಗಿರುವಾಗ ಮದ್ದೂರಿನ ಡಾಕ್ಟರಮ್ಮ ಮರಿಸಿದ್ದಯ್ಯನ ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಜಾಸ್ತಿಯಾಗಿದೆ ಅಂತ ದಿನಕ್ಕೊಂದು ಮಾತ್ರೆ ಬರೆದರು. ತಿಂಗಳು ತುಂಬುವುದರೊಳಗೆ ಬಾಯಿ ಒಣಗಲು ಶುರುವಾಯಿತು. ನಾಲಿಗೆ ಅಂಟಿಕೊಳ್ಳುತ್ತಿತ್ತು, ಮುದ್ದೆ ಗಂಟಲಲ್ಲಿ ನಿಲ್ಲುತ್ತಿತ್ತು. ಅದನ್ನೆಲ್ಲ ತಡೆದುಕೊಂಡ. ಶಿಳ್ಳೆ ಹೋದದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ತುಟಿ ಕೂಡಿಸಿ ಊದಿದರೆ ಬರೀ ಗಾಳಿ. ಬೂದ ನೀರಿನ ಬಾನಿಗೆ ಮೂತಿಯಿಟ್ಟು, ಎರಡು ಗುಟುಕು ಹೀರಿ, ತಲೆಯೆತ್ತಿ ಇವನ ಮುಖವನ್ನೇ ನೋಡುತ್ತ ನಿಂತುಬಿಡುತ್ತಿದ್ದ. ಬೇಸಿಗೆ ಬೇರೆ. ವಾರದಲ್ಲಿ ಬೂದನ ಪಕ್ಕೆ ಒಳಗೆ ಹೋಯಿತು.

"ಮಾತ್ರೆಯಿಂದಾನೂ ಇರಬಹುದು ಯಜಮಾನ್ರೇ, ಕೆಲವರಿಗೆ ಹಾಗಾಗುತ್ತೆ. ಸಕ್ಕರೆ ಕಾಯಿಲೆಯಿಂದಲೂ ಬಾಯಿ ಒಣಗುತ್ತೆ, ಅದನ್ನೂ ನೋಡೋಣ. ಸೋಮವಾರ ಬನ್ನಿ. ಅಲ್ಲೀತನಕ ನೀವಾಗೇ ನಿಲ್ಲಿಸಬೇಡಿ" ಎಂದರು ಡಾಕ್ಟರಮ್ಮ. ಹೂಂ ಅಂದು ಬಂದವನು ಮಾಡಿದ್ದೇನು? ಮಾತ್ರೆಗಳನ್ನು ದೀಪದ ಗೂಡಿನಲ್ಲಿ ಬಚ್ಚಿಟ್ಟ, ಹಟಮಾರಿ! ಮೂರು ದಿನ ಕಳೆದರೂ ಶಿಳ್ಳೆ ಬರಲಿಲ್ಲ.

ಸಂಜೆ ಬೂದನ ಮುಂದೆ ಗಾಳಿ ಊದುತ್ತ ನಿಂತಿದ್ದಾಗ, ಹೆಂಡತಿ ಮಲ್ಲಿಗಮ್ಮ ಆ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದಳು.

"ಏನಿದು?"

"ನಂಗೇನಾರ ಆಗ್ಲಿ ಬುಡು. ನಾನು ಸಿಳ್ಳೆ ಆಕ್ದಿದ್ರೆ ಇವ್ನು ಸತ್ತೋಯ್ತಾನೆ ಕಣಮ್ಮಿ" ಎನ್ನುವಾಗ ಅವನ ಕಣ್ಣು ತುಂಬಿತು.

ಮಲ್ಲಿಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನಿಯ ಹತ್ತಿರ ಬಂದು ತುಟಿ ಮುಂದೆ ಮಾಡಿದಳು. ಅದೇ ಶಿಳ್ಳೆ. ಅದೇ ಎಳೆತ, ಕೊನೆಗೆ ಅದೇ ಸಣ್ಣ ತಿರುವು. ಬೂದ ಕಿವಿ ನಿಮಿರಿಸಿ, ತಲೆ ತಗ್ಗಿಸಿ, ಬಾನಿಯ ತಳ ಕಾಣುವವರೆಗೆ ಕುಡಿದ.

ಮರಿಸಿದ್ದಯ್ಯ ಬಾಯಿ ಬಿಟ್ಟುಕೊಂಡು ನಿಂತ. ಮದುವೆಯಾದ ಹೊಸತರಲ್ಲಿ ಇವಳು ಒಮ್ಮೆ ಶಿಳ್ಳೆ ಹಾಕಲು ಹೋಗಿ, "ಎಣ್ಣೆಂಗ್ಸು ಸಿಳ್ಳೆ ಆಕಿದ್ರೆ ಮನೆ ಉಳ್ದದಾ?" ಎಂದು ಅವನ ಅವ್ವನಿಂದ ಬೈಸಿಕೊಂಡಿದ್ದಳು.

"ಯಾವಾಗ ಕಲ್ತೆ?"

"ನೀನು ಗಾಡಿ ಕಟ್ಕಂಡು ಮಂಡ್ಯಕ್ಕೋಗಿ ಎರಡೆರಡು ದಿನ ನಿಂತ್ಕತಿದ್ದೆಲ್ಲ, ಮನೇಲಿದ್ದ ಎಮ್ಮೆ ಕರ ಎಲ್ಲಾ ಯಾರ ಸಿಳ್ಳೆಗೆ ನೀರು ಕುಡೀತಿದ್ವು ಅನ್ಕಂಡಿದ್ದೆ? ನಿಮ್ಮವ್ವ ಗದ್ದೆಗೋಗೋಗಂಟ ಕಾಯ್ತಿದ್ದೆ."

ನಲವತ್ತು ವರ್ಷ ಊರೆಲ್ಲ ಹೊಗಳಿದ್ದು ಅವನ ಶಿಳ್ಳೆಯೊಂದನ್ನೇ. ಇವಳದನ್ನು ಅವನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅವಳ ಅಂಗೈಯಿಂದ ಒಂದು ಮಾತ್ರೆ ತೆಗೆದು ಬಾಯಿಗಿಟ್ಟುಕೊಂಡ. ಒಣ ನಾಲಿಗೆಗೆ ಅದು ಅಂಟಿಕೊಂಡಿತು. ಮಲ್ಲಿಗಮ್ಮ ಚೊಂಬು ತುಂಬಿ ಕೊಟ್ಟಳು. ಅವನು ಎತ್ತಿ ಕುಡಿಯತೊಡಗಿದಾಗ ಅವಳು ಮತ್ತೆ ತುಟಿ ಮುಂದೆ ಮಾಡಿದಳು. ಚೊಂಬು ಬರಿದಾಗುವವರೆಗೂ ಶಿಳ್ಳೆ ನಿಲ್ಲಲಿಲ್ಲ.