ಎರಡು ಕಾಲಿನ ಗಾಳಿಚೀಲ

ಭೂಗೋಳಶಾಸ್ತ್ರದ ಎಂಎಸ್ಸಿಯ ಕೊನೆಯ ವರ್ಷ ನಾನು ವೈಮಾನಿಕ ಹವಾಮಾನ ಎಂಬ ವಿಷಯ ತೆಗೆದುಕೊಂಡಿದ್ದೆ. ನಮ್ಮ ತರಗತಿಯಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಪಾಠ ಹೇಳುವ ಮೇಷ್ಟ್ರು ಹತ್ತಿದ್ದರೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಯಾವ ಮೋಡ ಕಂಡರೆ ಪೈಲಟ್ ದಾರಿ ಬದಲಿಸಬೇಕು ಎಂಬುದನ್ನು ಮಾತ್ರ ಬಳ್ಳಾರಿಯ ಮೋಡವಿಲ್ಲದ ಆಕಾಶದ ಕೆಳಗೆ ಬಾಯಿಪಾಠ ಮಾಡುತ್ತಿದ್ದೆವು.

ನನ್ನ ಪ್ರಾಜೆಕ್ಟು ಹೀಗಿತ್ತು: ಕುರುಗೋಡಿನಲ್ಲಿ ವಿಮಾನ ನಿಲ್ದಾಣ ಇದೆ ಎಂದುಕೊಂಡು, ಅಲ್ಲಿಂದ ಹತ್ತಿರದ ಸಿರುಗುಪ್ಪಕ್ಕೆ ಹೋಗುವ ವಿಮಾನಕ್ಕೆ ಹವಾಮಾನ ಹೇಳಬೇಕು. ಆ ವಿಮಾನ ಪೂರ್ತಿ ಮೇಲೇರುವ ಮೊದಲೇ ಇಳಿಯಲು ಶುರು ಮಾಡಬೇಕಾಗುತ್ತಿತ್ತು. ಯಾರೂ ಅದನ್ನು ಪ್ರಶ್ನಿಸಲಿಲ್ಲ, ನಾನೂ ಸಹ. ಪ್ರಾಜೆಕ್ಟು ಪಾಸಾಗದಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದೆ ವಿಮಾನ ನಿಲ್ದಾಣದ ಹವಾಮಾನ ಕಚೇರಿಗೆ ಅರ್ಜಿ ಹಾಕುವಂತಿಲ್ಲ. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು.

ಹೊರಗಿನಿಂದ ಬರುವ ಪರೀಕ್ಷಕರಿಗೆ ಕುರುಗೋಡಿನಲ್ಲೇ ಗಾಳಿಚೀಲ ಕಟ್ಟಿ ತೋರಿಸಬೇಕಿತ್ತು. ಗಾಳಿಯ ದಿಕ್ಕು ತಿಳಿಯಲು ರನ್‌ವೇ ಪಕ್ಕ ಕಂಬಕ್ಕೆ ಕಟ್ಟುವ, ಎರಡೂ ತುದಿ ತೆರೆದ ಬಟ್ಟೆಯ ಕೊಳವೆ ಅದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಚಾಚಾ ಒಬ್ಬರಿಗೆ ರೇನ್‌ಕೋಟಿನ ಬಟ್ಟೆಯನ್ನೂ ಚಿತ್ರವನ್ನೂ ಕೊಟ್ಟೆ. ಬಟ್ಟೆ ಕಿತ್ತಳೆ ಬಣ್ಣದ್ದೆಂದು ನನ್ನ ನೆನಪು. ಕೆಂಪು ಇತ್ತು ಎಂದು ನನ್ನ ಸೋದರಮಾವ ಈಗಲೂ ವಾದಿಸುತ್ತಾನೆ.

ಪರೀಕ್ಷೆಯ ಹಿಂದಿನ ಸಂಜೆ ಚಾಚಾ ಅದನ್ನು ಬಿಡಿಸಿ ತೋರಿಸಿದರು. ಎರಡು ಕಾಲು.

"ಚಾಚಾ, ಚಿತ್ರದಾಗ ಒಂದ ಐತಲ್ರಿ?"

"ಒಂದ್ ಕಾಲಿಂದ್ ಯಾರು ಹಾಕ್ಕೊಂತಾರ ಬೇಟಿ? ಚಿತ್ರ ಬರದಾಂವ ಒಂದು ಮರ್ತಾನ ಅಂತ ನಾನ ಸರಿ ಮಾಡೀನಿ. ನೋಡು, ಬೆಲ್ಟ್ ಹಾಕಾಕ ಪಟ್ಟೀನೂ ಇಟ್ಟೀನಿ."

ಇಷ್ಟು ವರ್ಷ ಜೋಡಿ ಕಾಲು ಹೊಲಿದ ಕೈಗೆ ಒಂಟಿ ಕಾಲು ತಪ್ಪಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಮತ್ತೆ ಹೊಲಿಸಲು ಬಟ್ಟೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಒಂದು ಕಾಲು ಕತ್ತರಿಸಿದರೆ ಸೊಂಟದಲ್ಲಿ ತೂತು ಉಳಿಯುತ್ತಿತ್ತು.

ಮರುದಿನ ಕುರುಗೋಡಿನಲ್ಲಿ ಮಾವನ ಮಾಳಿಗೆಯ ಮೇಲೆ ಅದನ್ನೇ ಕಟ್ಟಿದೆವು. ಬೆಲ್ಟಿನ ಪಟ್ಟಿಗಳು ಕಂಬದ ತುದಿಯ ಕಬ್ಬಿಣದ ಬಳೆಗೆ ಸರಿಯಾಗಿ ಕೂತವು. ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಎರಡೂ ಕಾಲು ಉಬ್ಬಿ, ಒಂದು ಒಂದು ದಿಕ್ಕಿಗೆ, ಇನ್ನೊಂದು ಮತ್ತೊಂದು ದಿಕ್ಕಿಗೆ ಒದೆಯತೊಡಗಿದವು. ಕೆಳಗೆ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಕೂಗಿದಳು: "ಏ ಯಪ್ಪಾ, ನಿಮ್ಮ ಮಾಳಿಗಿ ಮ್ಯಾಲೆ ಯಾರದು ಓಡಾಕ ಹತ್ತ್ಯಾರ? ಮ್ಯಾಲಿನ ಅರ್ಧ ಎಲ್ಲೈತಿ?"

"ಒಂದಕ್ಕ ಗಂಟು ಹಾಕ್ತೀನಿ ತಡಿಯವ್ವಾ," ಎಂದು ಮಾವ ಏಣಿ ಹತ್ತಿ ಗಂಟು ಹಾಕಿದ. ಗಂಟು ಬಿದ್ದ ಕಾಲು ಸೋರೆಕಾಯಿಯಂತೆ ಉಬ್ಬಿ ಇನ್ನೊಂದನ್ನು ಗುದ್ದತೊಡಗಿತು. ಅವನು ಬಿಚ್ಚುತ್ತಿರುವಾಗಲೇ ಪರೀಕ್ಷಕರು ಮೇಲೆ ಬಂದರು.

ಅವರು ಬಹಳ ಹೊತ್ತು ತಲೆಯೆತ್ತಿ ನೋಡಿದರು. ನಾನು ಆಗ ಏನು ಯೋಚಿಸಿದೆನೋ ನಿಜವಾಗಿ ಗೊತ್ತಿಲ್ಲ. ಅರ್ಜಿ, ಡಿಗ್ರಿ ಎಲ್ಲ ಕಣ್ಣ ಮುಂದೆ ಬಂತು ಎಂದು ಬರೆಯಬಹುದು, ಅದು ಆಮೇಲೆ ಸೇರಿಸಿದ್ದಿರಬಹುದು.

"ಪೈಲಟ್ ಯಾವ ಕಾಲನ್ನ ನಂಬಬೇಕಮ್ಮಾ?" ಎಂದು ಪರೀಕ್ಷಕರು ನನ್ನನ್ನು ಕೇಳಿದರು.

"ಎಡದ್ದನ್ನ ನಂಬ್ರಿ ಸಾರ್, ಅದರ ಹೊಲಿಗಿ ಗಟ್ಟಿ ಐತಿ," ಎಂದ ಮಾವ.

"ಯಾವುದನ್ನೂ ಬ್ಯಾಡ್ರಿ ಸರ್," ಎಂದೆ. "ಗಾಳಿ ದಿಕ್ಕು ನನಗ ಖಾತ್ರಿ ಇಲ್ಲ. ಇವತ್ತು ವಿಮಾನ ಬಿಡಬ್ಯಾಡ್ರಿ ಅಂತ ಹೇಳ್ತೀನಿ."

"ಸಿರುಗುಪ್ಪಕ್ಕೆ ಹೋಗೋ ಪ್ರಯಾಣಿಕರು ಏನು ಮಾಡಬೇಕು?"

"ಬಸ್ಸಿಗೆ ಹೋಗ್ಲಿರಿ."

ಅವರು ಪೆನ್ನು ತೆಗೆದು ಅಂಕ ಬರೆದರು. ಎಷ್ಟೆಂದು ತೋರಿಸಲಿಲ್ಲ. "ಖಾತ್ರಿ ಇಲ್ಲ ಅಂತ ಹೇಳೋರು ಆ ಕಚೇರಿಗಳಲ್ಲಿ ಬೇಕು. ಅರ್ಜಿ ಹಾಕು," ಎಂದರು. ಆಮೇಲೆ ಕೈಗಡಿಯಾರ ನೋಡಿಕೊಂಡು, ಸಿರುಗುಪ್ಪದಲ್ಲಿ ತಂಗಿಯ ಮನೆಯಿದೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಮಾವ ಅವರನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋದ. ನಾನು ಕಂಬದಿಂದ ಪ್ಯಾಂಟು ಇಳಿಸಿದೆ.