ಅವಸರ ಇಲ್ಲ

ಮನೆ ಬಿಡುವಾಗ ಬೀಗವನ್ನು ಮೂರು ಸಲ ಜಗ್ಗಿ ನೋಡುವವರ ಪೈಕಿ ನಾನು. ಆಟೋ ಸ್ಟ್ಯಾಂಡಿನವರೆಗೆ ಹೋದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸ್ ಬಂದದ್ದೂ ಉಂಟು. "ದೇವರ ಮ್ಯಾಲೆ ಭಾರ ಹಾಕ್ರಿ ಅಂತ ಊರ ಮಂದಿಗೆಲ್ಲ ಹೇಳ್ತೀರಿ, ಸಿಲಿಂಡರಿನ ಭಾರ ಮಾತ್ರ ನೀವ ಹೊರ್ತೀರಿ" ಎಂದು ನನ್ನ ಹೆಂಡತಿ ಅಣಕಿಸುತ್ತಾಳೆ. ಬೇರೆಯವರಿಗೆ ಧೈರ್ಯ ಹೇಳುವುದು ನನ್ನ ಕೆಲಸ, ಹೆದರುವುದು ನನ್ನ ಸ್ವಭಾವ.

ನಾನು ಪ್ರಾಟೆಸ್ಟಂಟ್ ಸಭೆಯೊಂದರ ಪಾಲಕ. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ವೆಲ್ಡಿಂಗ್ ಅಂಗಡಿಗಳ ಹಿಂದೆ ನಮ್ಮ ಚರ್ಚು, ಅದಕ್ಕೆ ಅಂಟಿಕೊಂಡೇ ನಾವಿರುವ ಪಾದ್ರಿ ಮನೆ. ಭಾನುವಾರ ಬೆಳಿಗ್ಗೆ ಇಲ್ಲಿಯ ಆರಾಧನೆ ಮುಗಿಸಿ, ಬಿಳಿ ನಿಲುವಂಗಿಯನ್ನು ಮಡಚಿ ಚೀಲಕ್ಕೆ ತುರುಕಿ ಬೈಕು ಹತ್ತುತ್ತೇನೆ. ತಿಂಗಳ ಎರಡನೆಯ ಭಾನುವಾರ ಕುರುಗೋಡು, ಮೂರನೆಯದು ಸಿರುಗುಪ್ಪ. ಎರಡೂ ಕಡೆ ಸಣ್ಣ ಸಭೆಗಳು. ನಾನು ತಡಮಾಡಿದರೆ ಪಾಪ, ಹಾಡುತ್ತ ಕೂತಿರುತ್ತಾರೆ. ಒಮ್ಮೆ ದಾರಿಯಲ್ಲಿ ಟೈರು ಪಂಕ್ಚರ್ ಆಗಿ, ನಾನು ಹೋಗಿ ಮುಟ್ಟುವಷ್ಟರಲ್ಲಿ ಅವರ ಗಂಟಲೆಲ್ಲ ಒಣಗಿ ಹೋಗಿತ್ತು.

ಸಿರುಗುಪ್ಪದ ಸಭೆಯನ್ನು ಕಟ್ಟಿದವರು ಒಬ್ಬ ಉಪದೇಶಿ. ಹೊರಗಿನವರಿಗೆ ಈ ಕೆಲಸ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಉಪದೇಶಿ ಎಂದರೆ ಊರಲ್ಲೇ ಇದ್ದು ಸಭೆಯನ್ನು ನೋಡಿಕೊಳ್ಳುವವನು, ಆದರೆ ಪಾದ್ರಿಯಾಗಿ ದೀಕ್ಷೆ ಆಗದವನು. ವಾಕ್ಯ ಓದಬಹುದು, ಪ್ರಸಂಗ ಮಾಡಬಹುದು, ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಯೇಸುವಿನ ಕಡೆಯೂಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಮಾತ್ರ ಮುರಿಯುವಂತಿಲ್ಲ. ಅದಕ್ಕೆ ದೀಕ್ಷೆಯಾದ ಪಾದ್ರಿ, ನಮ್ಮ ಮಾತಿನಲ್ಲಿ ಅಯ್ಯನವರೇ, ಬಳ್ಳಾರಿಯಿಂದ ಬರಬೇಕು. ನಲವತ್ತು ವರ್ಷ ಸಿರುಗುಪ್ಪದ ಉಪದೇಶಿ ಭೋಜನದ ಮೇಜಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದರು, ಬ್ರೆಡ್ಡನ್ನು ಅಂಚು ತೆಗೆದು ಸಣ್ಣ ಚೌಕಗಳಾಗಿ ಕತ್ತರಿಸಿಟ್ಟರು, ಪಾತ್ರೆ ತೊಳೆದರು. ಆಮೇಲೆ ಪಕ್ಕಕ್ಕೆ ಸರಿದು ಅಯ್ಯನವರ ದಾರಿ ಕಾದರು. ಕೆಲವು ಅಯ್ಯನವರು ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಬಾರದ ದಿನ ಆ ಬ್ರೆಡ್ಡಿನ ಚೂರುಗಳು ನಮ್ಮಂಥ ಮಕ್ಕಳ ಪಾಲಾಗುತ್ತಿದ್ದವು. ಅಯ್ಯನವರು ಬಾರದಿರಲಿ ಎಂದು ನಾನು ಚಿಕ್ಕಂದಿನಲ್ಲಿ ಪ್ರಾರ್ಥಿಸಿದ್ದೂ ಇದೆ. ದೇವರು ಕ್ಷಮಿಸಿರಬೇಕು.

ನಾನು ಸಿರುಗುಪ್ಪದ ಅಕ್ಕಿ ಗಿರಣಿ ಕೆಲಸಗಾರನ ಮಗ. ಆ ಉಪದೇಶಿಯೇ ನನ್ನ ಸಂಡೇಸ್ಕೂಲ್ ಮಾಸ್ತರು. ನಾನು ಕಾಲೇಜು ಮುಗಿಸಿ ಏನು ಮಾಡಬೇಕೆಂದು ತೋಚದೆ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದಾಗ, ಸೈಕಲ್ ನಿಲ್ಲಿಸಿ, "ಲೇ, ನೀ ದೇವರ ಕೆಲಸಕ್ಕ ಹೋಗಲೇ. ನನಗಂತೂ ಓದಾಕ ಆಗ್ಲಿಲ್ಲ, ನೀನರ ಓದು" ಎಂದರು. ನನಗೆ ಬಂದ ಕರೆ ಅಷ್ಟೇ. ದೀಕ್ಷೆಗೆ ಮುಂಚೆ ಸಂದರ್ಶನದಲ್ಲಿ, "ನಿಮಗೆ ದೇವರ ಕರೆ ಯಾವಾಗ ಬಂತು?" ಎಂದು ಹಿರಿಯರು ಕೇಳಿದರು. ನನಗಿಂತ ಮುಂಚೆ ಒಳಗೆ ಹೋದವರಲ್ಲಿ ಒಬ್ಬನಿಗೆ ಕನಸು ಬಿದ್ದಿತ್ತು, ಇನ್ನೊಬ್ಬ ಲಾರಿ ಅಪಘಾತದಲ್ಲಿ ಉಳಿದು ಬಂದಿದ್ದ. ನಾನು ಗಿರಣಿ ಕಟ್ಟೆಯನ್ನೂ ಸೈಕಲ್ಲನ್ನೂ ಹೇಳಲು ನಾಚಿ, ಹೃದಯದಲ್ಲಿ ಮೆಲ್ಲನೆಯ ದನಿಯೊಂದು ಕೇಳಿಸಿತು ಎಂದುಬಿಟ್ಟೆ. ಅವರು ತಲೆದೂಗಿದರು. ಅವತ್ತಿನಿಂದ ನನಗೊಂದು ಪುಕುಪುಕು ಅಂಟಿಕೊಂಡಿದೆ. ಈ ಕೆಲಸಕ್ಕೆ ನಾನು ಸುಳ್ಳು ಹೇಳಿ ಬಂದವನು, ಯಾವತ್ತೋ ಒಂದು ದಿನ ಯಾರೋ ನನ್ನನ್ನು ಹಿಡಿದುಬಿಡುತ್ತಾರೆ ಎನ್ನಿಸುತ್ತದೆ.

ದೀಕ್ಷೆಯಾದ ಮರುದಿನ ಸಿರುಗುಪ್ಪಕ್ಕೆ ಹೋದಾಗ ಮಾಸ್ತರು ಎದ್ದು ನಿಂತು, "ಬರ್ರಿ ಅಯ್ಯನೋರೇ" ಎಂದರು. ನನಗೆ ಭೂಮಿಗಿಳಿದು ಹೋದಂತಾಯಿತು. "ಮಾಸ್ತರ್ರೇ, ನೀವು ಹಂಗ ಕರೀಬ್ಯಾಡ್ರಿ, ಮೊದಲಿನಂಗ ಲೇ ಅನ್ರಿ" ಎಂದು ಗೋಗರೆದೆ. "ಆ ಲೇ ಹೋತ್ರಿ. ಈಗ ನೀವು ರೊಟ್ಟಿ ಮುರಿಯೋರು" ಎಂದರು. ಎಷ್ಟು ವರ್ಷ ಕಳೆದರೂ ಅವರ ಬಾಯಿಂದ ಆ ಲೇ ಮತ್ತೆ ಬರಲಿಲ್ಲ. ಅವರು 'ಅಯ್ಯನೋರೇ' ಎಂದಾಗಲೆಲ್ಲ ನಾನು ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತಿತ್ತು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಒಂದು ದಿನ ಅವರ ಹೆಂಡತಿಯ ಎದುರಿಗೇ ನನ್ನ ಕೈ ಹಿಡಿದು, "ಜೀವಮಾನ ಎಲ್ಲಾ ಬ್ಯಾರೆಯೋರ ದಾರಿ ಕಾಯ್ದು ರೊಟ್ಟಿ ತಿಂದೀನ್ರಿ. ಕಡೀ ರೊಟ್ಟಿ ನಿಮ್ಮ ಕೈಯಾಗ ತಗೋಬೇಕು. ಅದಕ್ಕೊಂದು ತಡ ಮಾಡಬ್ಯಾಡ್ರಿ" ಎಂದರು. ನಾನು ಮಾತು ಕೊಟ್ಟೆ. ಅವತ್ತಿನಿಂದ ಕಾಯಿಲೆಯವರ ಮನೆಗೆ ಒಯ್ಯುವ ಸಣ್ಣ ಪೆಟ್ಟಿಗೆ ಸದಾ ನನ್ನ ಬೈಕಿನಲ್ಲೇ ಇರತೊಡಗಿತು. ಅದರಲ್ಲಿ ಬೆಳ್ಳಿ ಬಣ್ಣದ ಪುಟ್ಟ ಪಾತ್ರೆ, ತಟ್ಟೆ, ದ್ರಾಕ್ಷಾರಸದ ಶೀಶೆ. ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ.

ಒಂದು ಶನಿವಾರ ಸಂಜೆ ಅವರ ಹೆಂಡತಿಯ ಫೋನು ಬಂತು. ಆಕೆಯ ತವರು ಆದೋನಿ ಕಡೆ. ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಆಕೆಯ ಕನ್ನಡದೊಳಗೆ ತೆಲುಗು ಮನೆ ಮಾಡಿಕೊಂಡಿದೆ. "ಅಯ್ಯನೋರೇ, ಇವತ್ತ ದವಾಖಾನಿಗಿ ಕರ್ಕೊಂಡು ಹೋಗಿದ್ವಿ. ಡಾಕ್ಟರು ನೋಡಿ, ದವಾಖಾನಿ ಏನೂ ಅವಸರ ಇಲ್ಲ, ಮನಿಗಿ ಕರ್ಕೊಂಡು ಹೋಗ್ರಿ ಅಂದ್ರು. ಇವರು ನಿಮ್ಮನ್ನ ಕೇಳಾಕತ್ಯಾರ."

ನನ್ನ ಎದೆಯಿಂದ ಕಲ್ಲೊಂದು ಇಳಿಯಿತು. ಡಾಕ್ಟರೇ ಅವಸರ ಇಲ್ಲ ಎಂದಿದ್ದಾರೆ, ಮನೆಗೂ ಕಳಿಸಿದ್ದಾರೆ! "ಒಳ್ಳೇದಾತಮ್ಮ! ನಾಳೆ ಕುರುಗೋಡಿನಾಗ ದೀಕ್ಷಾಸ್ನಾನ ಐತಿ. ಮುಂದಿನ ಭಾನುವಾರ ಹೆಂಗೂ ನಿಮ್ಮೂರ ಪಾಳಿ, ಬಂದೇ ಬರ್ತೀನಿ. ಮಾಸ್ತರಿಗೆ ಹೇಳ್ರಿ" ಎಂದೆ. "ಆಗ್ಲಿರಿ ಅಯ್ಯನೋರೇ. ನಿಮ್ಮ ಕೆಲಸ ನಿಮಗಿರ್ತಾವ" ಎಂದು ಆಕೆ ಫೋನಿಟ್ಟರು. 'ಒಳ್ಳೇದಾತಮ್ಮ' ಎಂಬ ನನ್ನ ಮಾತು ಆ ಕಿವಿಯಲ್ಲಿ ಹೇಗೆ ಕೇಳಿಸಿರಬೇಕು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವತ್ತು ರಾತ್ರಿ ನಾನು ಯಾವ ಚಿಂತೆಯೂ ಇಲ್ಲದೆ ಮಲಗಿದೆ. ಬೀಗವನ್ನು ಒಂದೇ ಸಲ ಜಗ್ಗಿದೆ. ಹೆಂಡತಿ ಕೂಡ ಆಶ್ಚರ್ಯಪಟ್ಟಳು.

ಭಾನುವಾರ ಬಳ್ಳಾರಿಯ ಆರಾಧನೆ ಮುಗಿಸಿ, ಕೊಳಗಲ್ಲು ದಾಟಿ, ಕುರುಗೋಡು ಸೇರಿದೆ. ದೀಕ್ಷಾಸ್ನಾನ ಚೆನ್ನಾಗಿಯೇ ಆಯಿತು, ಕೂಸು ನೀರು ಬಿದ್ದ ಕೂಡಲೇ ಚರ್ಚು ಹಾರಿಹೋಗುವ ಹಾಗೆ ಕಿರುಚಿತು. ಊಟ ಆ ಮನೆಯಲ್ಲೇ. ಅನ್ನ ಸಾರು ಬಡಿಸಿದ ಮೇಲೆ, ಕೂಸಿನ ತಾಯಿ ನನ್ನ ಎಲೆಯ ಮುಂದೆ ಬಂದು ನಿಂತು ಸಂಕೋಚದಿಂದ, "ಅಯ್ಯನೋರಿಗಿ ಚಮಚ ಅವಸರ ಐತೇನ್ರಿ?" ಎಂದಳು.

ಸಾಲಿನಲ್ಲಿ ಕೂತವರೆಲ್ಲ ಗೊಳ್ಳೆಂದರು. ಆಕೆಯ ಮಾವ, ಸಭೆಯ ಹಿರಿಯ, ನಗುತ್ತಲೇ, "ನಮ್ಮ ಸೊಸಿ ಆಲೂರಿನಾಕಿ ಅಯ್ಯನೋರೇ. ಚಮಚ ಬೇಕೇನು ಅಂತ ಆಕಿ ಕೇಳೂದು. ತೆಲುಗಿನಾಗ ಅವಸರಂ ಅಂದ್ರ ಬೇಕಾಗೂದು, ನಮ್ಮಾಗ ಅವಸರ ಅಂದ್ರ ಗಡಿಬಿಡಿ. ಚಮಚಕ್ಕೇನು ಗಡಿಬಿಡಿ ತಾಯಿ!" ಎಂದರು. ಆ ಹುಡುಗಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತಿರುವಾಗಲೇ ನಿನ್ನೆಯ ಫೋನು ನೆನಪಾಯಿತು.

ದವಾಖಾನಿ ಏನೂ ಅವಸರ ಇಲ್ಲ. ಇನ್ನು ದವಾಖಾನೆ ಬೇಕಾಗಿಲ್ಲ. ಮನೆಗೆ ಕರೆದುಕೊಂಡು ಹೋಗಿರಿ.

ನನಗೆ ತೆಲುಗು ಬರುವುದಿಲ್ಲ ಎಂದಲ್ಲ. ಬಳ್ಳಾರಿಯಲ್ಲಿ ಅರ್ಧ ಪ್ರಾರ್ಥನೆ ತೆಲುಗಿನಲ್ಲೇ ಮಾಡುವವನು ನಾನು. ಆದರೆ ಆಕೆ ಕನ್ನಡದಲ್ಲಿ ಮಾತಾಡಿದರು, ನನ್ನ ಕಿವಿ ಆ ಒಂದು ಮಾತನ್ನೂ ಕನ್ನಡವೆಂದೇ ತೆಗೆದುಕೊಂಡಿತು. ಅದಕ್ಕಿಂತ ನಿಜ ಹೇಳಬೇಕೆಂದರೆ, ನನಗೆ ಹಾಗೆ ಕೇಳಿಸಿಕೊಳ್ಳುವುದು ಬೇಕಾಗಿತ್ತು. ಜೀವನವೆಲ್ಲ ಇಲ್ಲದ್ದಕ್ಕೆ ಹೆದರಿ, ಹೆದರಬೇಕಾದ ಒಂದೇ ಹೊತ್ತಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಎಲೆಯಿಂದ ಎದ್ದೆ. ಮಜ್ಜಿಗೆ, ಪಾಯಸ ಎಂದು ಅವರು ಕೂಗುತ್ತಿದ್ದರು. ಅಂಗಳದಲ್ಲಿ ನಿಂತು ಸಿರುಗುಪ್ಪಕ್ಕೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ನೀವು ಕರೆ ಮಾಡಿದವರು ಉತ್ತರಿಸುತ್ತಿಲ್ಲ ಎಂದು ಒಬ್ಬ ಹೆಣ್ಣುಮಗಳು ನಯವಾಗಿ ಹೇಳಿದಳು. ಮೂರನೆಯ ಸಲವೂ ಅವಳೇ. ಹಿರಿಯರು ಹಿಂದೆ ಬಂದು, "ಏನಾತ್ರಿ?" ಎಂದರು. "ಸಿರುಗುಪ್ಪಕ್ಕ ಹೋಗಬೇಕು, ಈಗಲೇ" ಎಂದೆ. ಎಂಜಲು ಕೈಯನ್ನು ತೊಳೆಯದೆ ಬೈಕಿನ ಹ್ಯಾಂಡಲ್ ಹಿಡಿದಿದ್ದೆನೆಂದು ಅವರು ನೀರಿನ ಚೊಂಬು ಕೊಟ್ಟಾಗಲೇ ಗೊತ್ತಾದದ್ದು.

ಬಳ್ಳಾರಿಗೆ ವಾಪಸ್ ಹೋಗಿ ದೊಡ್ಡ ರಸ್ತೆ ಹಿಡಿಯಲು ಸಮಯವಿರಲಿಲ್ಲ, ಒಳದಾರಿ ಹಿಡಿದೆ. ಭತ್ತ ಕೊಯ್ಲಿನ ಕಾಲ. ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ, ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಉಳಿದರ್ಧದಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರುಗಳು. ಒಂದರ ಹಿಂದೆ ಸಿಕ್ಕಿಕೊಂಡು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಕಡೆಗೆ ಭತ್ತದ ಮೇಲೇ ಬೈಕು ಹಾಯಿಸಿದೆ. ಭತ್ತ ಹರವುತ್ತಿದ್ದ ಹೆಂಗಸೊಬ್ಬಳು ನನ್ನ ವಂಶವನ್ನೆಲ್ಲ ಬಯ್ದಳು. ಬಯ್ಯಲಿ ಬಿಡು ಎನ್ನಿಸಿತು. ಎರಡು ಸಲ ನಿಲ್ಲಿಸಿ ಪೆಟ್ಟಿಗೆ ತೆರೆದು ಶೀಶೆ ನೋಡಿದೆ. ಎರಡು ಸಲವೂ ಅದು ನೆಟ್ಟಗೇ ಇತ್ತು. ಹಾಗೆ ನಿಲ್ಲಿಸಿದ್ದಕ್ಕೆ ಹೋದ ನಿಮಿಷಗಳಿಗೆ ನನ್ನನ್ನೇ ಶಪಿಸಿಕೊಂಡೆ. ಅವರಿಗೆ ಬ್ರೆಡ್ಡಿನ ಒಂದು ಚೂರು ಮುಟ್ಟಿಸಲಾಗದಿದ್ದರೆ ನಾನು ಎಂಥ ಅಯ್ಯ? ಸುಳ್ಳು ಕರೆ ಹೇಳಿ ಒಳಗೆ ಬಂದೆ, ನಿಜವಾದ ಕರೆ ಫೋನಿನಲ್ಲಿ ಬಂದಾಗ ಮುಂದಿನ ಭಾನುವಾರ ನೋಡೋಣ ಎಂದೆ. ದಾರಿಯುದ್ದಕ್ಕೂ ನನ್ನ ಪ್ರಾರ್ಥನೆಯಲ್ಲಿ ಬೇರೆ ಮಾತೇ ಇರಲಿಲ್ಲ, ಇರಲಿ, ಇರಲಿ ಎಂಬುದಷ್ಟೇ.

ಅವರ ಓಣಿಯ ತಿರುವಿನಲ್ಲಿ ನನ್ನ ಕಣ್ಣು ಮೊದಲು ಹುಡುಕಿದ್ದು ಬಾಗಿಲ ಮುಂದೆ ಜನ ಸೇರಿದ್ದಾರೆಯೇ ಎಂದು. ನಾಲ್ಕು ಕುರ್ಚಿ ಹಾಕಿದ್ದರು. ಬೈಕನ್ನು ಅಲ್ಲೇ ನಿಲ್ಲಿಸಿಬಿಟ್ಟೆ. ಆಮೇಲೆ ನೋಡಿದರೆ ಅವು ಪಕ್ಕದ ಮನೆಯವರ ಕುರ್ಚಿಗಳು, ಅವರು ಶೇಂಗಾ ಸುಲಿಯುತ್ತ ಕೂತಿದ್ದರು.

ಮಾಸ್ತರ ಹೆಂಡತಿ, ನಮಗೆಲ್ಲ ಅಮ್ಮ, ಬಾಗಿಲಲ್ಲೇ ಇದ್ದರು. "ಅದಾರ್ರಿ" ಎಂದರು, ನಾನು ಕೇಳುವ ಮೊದಲೇ. "ಅಮ್ಮ, ನನಗ ನಿಮ್ಮ ಮಾತು ತಿಳೀಲಿಲ್ಲ. ಅವಸರ ಇಲ್ಲ ಅಂದ್ರ..." ಎಂದು ಶುರು ಮಾಡಿದೆ. ಆಕೆ ನನ್ನ ಮುಖ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡರು. "ಅಯ್ಯೋ, ನನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದು ತಮ್ಮ ಬಾಯಿಗೆ ತಾವೇ ಮೆಲ್ಲಗೆ ಬಡಿದುಕೊಂಡರು. "ನೀವು ಮುಂದಿನ ಭಾನುವಾರ ಅಂದ್ರಲ್ಲ, ಆ ಮುಂದಿನ ಅನ್ನೂದನ್ನ ನಾ ಇವರಿಗಿ ಹೇಳ್ಲಿಲ್ರಿ. ಹೇಳಾಕ ಬಾಯಿ ಬರ್ಲಿಲ್ಲ. ಬರೇ ಭಾನುವಾರ ಬರ್ತಾರ ಅಂದೆ. ಬೆಳಿಗ್ಗಿಯಿಂದ ಕಾಯಾಕತ್ಯಾರ."

ಒಳಗೆ ಹೋದೆ. ಅವರಿಗೆ ಬಿಳಿ ಅಂಗಿ ತೊಡಿಸಿದ್ದರು, ಭಾನುವಾರದ ಅಂಗಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ತಟ್ಟೆಯಲ್ಲಿ ಅಂಚು ತೆಗೆದು ಚೌಕವಾಗಿ ಕತ್ತರಿಸಿದ ಬ್ರೆಡ್ಡು. ಬೆಳಿಗ್ಗೆ ಕತ್ತರಿಸಿದ್ದು, ಆಗಲೇ ಒಣಗಿತ್ತು. ಕತ್ತರಿಸಿದ್ದು ಅಮ್ಮ, ಆದರೆ ಮಲಗಿದಲ್ಲಿಂದಲೇ ಅವರು ಬೆರಳಿನಿಂದ ಅಳತೆ ತೋರಿಸಿದ್ದರಂತೆ.

ಮರುದಿನ ಮಧ್ಯಾಹ್ನ ಅವರು ತೀರಿಕೊಂಡರು, ಮಣ್ಣು ಮಾಡಿದವನೂ ನಾನೇ. ಆದರೆ ಅವರ ಸಾವು ಎಂದರೆ ನನಗೆ ನೆನಪಾಗುವುದು ಆ ಭಾನುವಾರದ ಕೋಣೆಯೇ.

ಹತ್ತಿರ ಕೂತು ಕೈ ಹಿಡಿದೆ. ಅವರು ಕಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದರು. "ಬಂದಿಯೇನಲೇ?" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಏನಾದರೂ ಮಾಡಿ ಅವರ ಋಣ ತೀರಿಸಬೇಕೆನ್ನಿಸಿ, ತಟ್ಟೆಯನ್ನು ಅವರ ಕಡೆ ಚಾಚಿ, "ಮಾಸ್ತರ್ರೇ, ಇದೊಂದು ಸಲ ನೀವ ಮುರೀರಿ. ಯಾರೂ ಏನೂ ಅನ್ನಂಗಿಲ್ಲ" ಎಂದೆ. ಅವರು ತಲೆಯಲ್ಲಾಡಿಸಿದರು. "ನನ್ನ ಕೆಲಸ ನಾ ಮಾಡೀನಿ. ಅದು ನಿಂದು. ನೀ ಮಾಡು."

ಆರಾಧನೆಯ ಪುಸ್ತಕ ತೆರೆದೆ. ಅವರ ಉಸಿರು ಒಂದೊಂದಾಗಿ ಬರುತ್ತಿತ್ತು. ಈ ಉಸಿರಿಗೂ ಮುಂದಿನ ಉಸಿರಿಗೂ ನಡುವೆಯೇ ಎಲ್ಲ ಮುಗಿದುಬಿಟ್ಟರೆ ಎಂಬ ಹೆದರಿಕೆಯಲ್ಲಿ ನಾನು ಓದಿದ್ದೋ ಓದಿದ್ದು. ಸಾಲುಗಳು ಒಂದರ ಮೇಲೊಂದು ಬಿದ್ದವು, ಒಂದು ಪ್ಯಾರಾ ಪೂರ್ತಿ ಹಾರಿಸಿದೆ. ಆಗ ಹೊದಿಕೆಯ ಮೇಲಿದ್ದ ಅವರ ಕೈ ಸ್ವಲ್ಪ ಮೇಲೆದ್ದಿತು, ಸಂಡೇಸ್ಕೂಲಿನಲ್ಲಿ ನಾನು ಬಾಯಿಪಾಠ ಗಡಗಡ ಒಪ್ಪಿಸುವಾಗ ತಡೆಯಲು ಎತ್ತುತ್ತಿದ್ದ ಹಾಗೆಯೇ.

"ಅವಸರ ಇಲ್ಲಲೇ" ಎಂದರು. "ನಿಧಾನಕ ಓದು. ಇನ್ನಾ ಅದೀನಿ."

ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನನ್ನು ನೋಡಿದರು. ಈ ಸಲ ಆ ಮಾತಿಗೆ ಅರ್ಥ ಒಂದೇ ಆಗಿತ್ತು. ನಾನು ಕಣ್ಣೊರೆಸಿಕೊಂಡು, ಹಾಳೆಗಳನ್ನು ಹಿಂದಕ್ಕೆ ತಿರುವಿ, ಮೊದಲಿನಿಂದ ಓದಲು ಶುರುಮಾಡಿದೆ.