ಮಾಸ್ತಪ್ಪನ ನಾಳೆಪುರ

ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರ ಮಾಸ್ತಪ್ಪನ ಕೈಗೆ ಎಷ್ಟು ತಾಳ್ಮೆಯಿತ್ತೋ ಬಾಯಿಗೆ ಅಷ್ಟೇ ಕಡಿಮೆ. ಎಂಬತ್ತಮೂರನೇ ಇಸವಿಯಲ್ಲಿ ಶಿವಮೊಗ್ಗಕ್ಕೆ ಹೋದವನು ಒಂದು ಅಂಗಡಿಯಲ್ಲಿ ವಿಡಿಯೋ ಗೇಮ್ ಎಂಬ ಪೆಟ್ಟಿಗೆ ನೋಡಿದ. ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಗಾಜಿನ ಹಿಂದೆ ಒಂದು ಬೊಂಬೆ ಓಡುತ್ತಿತ್ತು, ಓಡಿ ಸಾಯುತ್ತಿತ್ತು. ಮಾಸ್ತಪ್ಪನ ಬೊಂಬೆ ಮೂರು ಸಲ ಸತ್ತಿತು. “ಕೆತ್ತನೆ ಇಲ್ಲ, ಎಂತ ಇಲ್ಲ. ಬರೀ ಸಾಯೂದು! ನಾ ಮಾಡಿದ್ರೆ ಹಿಂಗೆ ಮಾಡ್ತಿರ್ಲಿಲ್ಲ,” ಎಂದು ಮನೆಗೆ ಬಂದು ಹೆಂಡತಿ ವರದಮ್ಮನ ಮುಂದೆ ಕೂಗಾಡಿದ. ಹಾಗೆ ಹೇಳಿದ್ದಕ್ಕೆ ಎರಡು ವರ್ಷ ಕೂತು ಅದನ್ನೇ ಮಾಡಿದ.

ಶಿವನೆ ಮರದ ದೊಡ್ಡ ಪೆಟ್ಟಿಗೆ, ಮುಂದೆ ಗಾಜು, ಒಳಗೆ ಒಂದು ಇಡೀ ಪಟ್ಟಣ. ಅದರ ಹೆಸರು ನಾಳೆಪುರ. ಅಲ್ಲಿಯ ದೊರೆ ಸೂರ್ಯನನ್ನು ಗೋಪುರದೊಳಗೆ ಕೂಡಿಹಾಕಿದ್ದಾನೆ. ಬಾಗಿಲಿಗೊಬ್ಬ ಕಾವಲುಗಾರ, ಪ್ರತಿಯೊಬ್ಬನ ಕೈಯಲ್ಲೂ ‘ನಾಳೆ ಬಾ’ ಎಂಬ ಹಲಗೆ. ಈ ಪಟ್ಟಣದಲ್ಲಿ ಸಿಕ್ಕಿಬಿದ್ದ ಬಡಪಾಯಿ ಪ್ರಜೆ ಒಂದು ಅಂಟುವಾಳದ ಬೀಜ. ಹೊರಗಿನ ಆರು ಹಿಡಿಕೆಗಳನ್ನು ತಿರುಗಿಸಿ ಏಣಿ ಇಳಿಸಿ, ಬಾಗಿಲು ತೆಗೆದು, ಸೇತುವೆ ದಾಟಿಸಿ ಅದನ್ನು ಗೋಪುರಕ್ಕೆ ಮುಟ್ಟಿಸಬೇಕು. ಮುಟ್ಟಿದರೆ ಸೂರ್ಯ ಮೇಲೇಳುತ್ತಾನೆ, ಕೆಳಗೊಂದು ಗುಪ್ತ ಡ್ರಾಯರ್ ತೆರೆದುಕೊಳ್ಳುತ್ತದೆ. ಕೇರಿಯವರು ಬಂದು ತಿರುಗಿಸಿ ತಿರುಗಿಸಿ ಸೋತು ಹೋಗುತ್ತಿದ್ದರು. ಮಾಸ್ತಪ್ಪ ಮಾತ್ರ ಕಣ್ಣು ಮುಚ್ಚಿ ಗೆಲ್ಲುತ್ತಿದ್ದ. “ಎಲ್ಲಾ ಲೆಕ್ಕಾಚಾರ ಇಲ್ಲುಂಟು,” ಎಂದು ಹಣೆ ತಟ್ಟಿಕೊಳ್ಳುತ್ತಿದ್ದ.

ಈ ಪಟ್ಟಣ ಕೂತಿದ್ದು ವರದಮ್ಮನ ಹಪ್ಪಳದ ಮೇಜಿನ ಮೇಲೆ. ಆ ಮೇಜಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ. “ಊರಿಗೆಲ್ಲ ಮಂಟಪ ಕೆತ್ತಿಕೊಡ್ತೀರಿ, ಇದರ ಕಾಲಿನಡಿಗೊಂದು ಮರದ ಚಕ್ಕೆ ಕೊಡಿ,” ಎಂದು ಅವಳು ವರ್ಷಗಟ್ಟಲೆ ಹೇಳಿದ್ದಳು. ಉತ್ತರ ಯಾವಾಗಲೂ ಒಂದೇ: “ನಾಳೆ ಮಾಡ್ತೆ ಮಾರಾಯ್ತಿ.”

ಗಂಧದ ಕೆಲಸದವರಿಗೆ ಸರ್ಕಾರದ ಪಾಸು ಪ್ರಾಣವಿದ್ದ ಹಾಗೆ. ಮನೆಯಲ್ಲಿ ಗಂಧದ ಕೊರಡಿದ್ದು ಪಾಸು ಇಲ್ಲದಿದ್ದರೆ ಕೊರಡೂ ಹೋಯಿತು, ಕಸುಬೂ ಹೋಯಿತು. ಹಿಂದಿನ ವರ್ಷದ ಪಾಸನ್ನು ಗೆದ್ದಲು ತಿಂದಿತ್ತು. ಆದ್ದರಿಂದ ಈ ಸಲದ್ದನ್ನು ಮಾಸ್ತಪ್ಪ ನಾಳೆಪುರದ ಗುಪ್ತ ಡ್ರಾಯರಿನಲ್ಲಿಟ್ಟಿದ್ದ. ಇದಕ್ಕಿಂತ ಭದ್ರವಾದ ಜಾಗ ತಾಲೂಕಿನಲ್ಲೇ ಇಲ್ಲವೆಂದು ಅವನ ಹೆಮ್ಮೆ.

ವರದಮ್ಮ ತಂಗಿಯ ಮನೆಯ ನಾಮಕರಣಕ್ಕೆಂದು ಹೊಸನಗರಕ್ಕೆ ಹೋಗಿದ್ದಾಗಲೇ ಅರಣ್ಯ ಇಲಾಖೆಯ ಹೊಸ ರೇಂಜರ್ ಚಂದ್ರಯ್ಯ ತಪಾಸಣೆಗೆ ಬಂದರು. ತೀರ್ಥಹಳ್ಳಿ ಕಡೆಯವರು, ಮೆತ್ತಗಿನ ಮಾತು, ಕಾನೂನು ಮಾತ್ರ ಗಟ್ಟಿ. ಕೊರಡುಗಳನ್ನು ನೋಡಿ, “ಪಾಸ್ ತೋರ್ಸಿ,” ಎಂದರು.

“ಇದರೊಳಗೇ ಉಂಟು, ಈಗ ಬಂತು ಸಾರ್,” ಎಂದು ಮಾಸ್ತಪ್ಪ ಹಿಡಿಕೆಗೆ ಕೈ ಹಾಕಿದ. ಬೀಜ ಏಣಿ ಇಳಿಯಿತು, ಬಾಗಿಲು ದಾಟಿತು, ಕೊನೆಯ ಸೇತುವೆಯ ನಡುವೆ ಬಂದು ನಿಂತುಬಿಟ್ಟಿತು. ಇನ್ನೊಮ್ಮೆ ತಿರುಗಿಸಿದ. ಅಲ್ಲೇ ನಿಂತಿತು. ಕಣ್ಣು ಮುಚ್ಚಿ ನೋಡಿದ, ತೆರೆದು ನೋಡಿದ. ಬೀಜ ಜಪ್ಪಯ್ಯ ಅನ್ನಲಿಲ್ಲ. ಪೆಟ್ಟಿಗೆ ಎತ್ತಿ ಓರೆ ಮಾಡೋಣವೆಂದರೆ ನಾಲ್ಕಾಳಿನ ಭಾರ, ಕೈ ಜಾರಿದರೆ ಒಳಗಿನ ಏಣಿಗಳೆಲ್ಲ ಕಳಚಿ ಬೀಳುತ್ತವೆ.

“ಸ್ವಲ್ಪ ಸರೀರಿ,” ಎಂದು ರೇಂಜರು ಟೋಪಿ ತೆಗೆದಿಟ್ಟು ತಾವೇ ಕೂತರು. ಹನ್ನೊಂದು ಸಲ ಆಡಿದರು. ಒಂದು ಸಲವಂತೂ ಕಾವಲುಗಾರನಿಗೆ, “ಏಯ್, ಬಿಡೋ!” ಎಂದು ಗದರಿದರು. ಕೊನೆಗೆ ಬೆವರು ಒರೆಸಿಕೊಂಡು, “ನೋಡಿ, ಮೂರು ಗಂಟೆಗೆ ಜೀಪು ಬರ್ತದೆ. ಅಷ್ಟರಲ್ಲಿ ಪಾಸ್ ಕೈಗೆ ಬರ್ಬೇಕು. ಇಲ್ಲಾಂದ್ರೆ ಕೊರಡು ತಗೊಂಡು ಹೋಗ್ದೇ ನಂಗೆ ಬೇರೆ ದಾರಿಯಿಲ್ಲ. ಒಡೆದು ತೆಗೀರಿ,” ಎಂದರು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಮಾಸ್ತಪ್ಪ ಉಳಿ, ಕೊಡತಿ ತೆಗೆದುಕೊಂಡ. ಉಳಿಯನ್ನು ಪೆಟ್ಟಿಗೆಯ ಸಂದಿಗೆ ಇಟ್ಟ. ಮೂವತ್ತು ವರ್ಷ ಮರಕ್ಕೆ ಏಟು ಹಾಕಿದವನು ಆವತ್ತು ಕೊಡತಿ ಎತ್ತಿ ಮತ್ತೆ ಇಳಿಸಿದ. ಎರಡು ವರ್ಷದ ಕೂಸನ್ನು ತಾನೇ ಕೊಲ್ಲಬೇಕಲ್ಲ ಎಂದು ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಮಧ್ಯಾಹ್ನದ ಬಸ್ಸಿಳಿದ ವರದಮ್ಮ ಚೀಲ ಹಿಡಿದು ಒಳಗೆ ಬಂದಳು. ಗಂಡನ ಮುಖವನ್ನೂ ನೋಡಲಿಲ್ಲ, ಸಾಹೇಬರ ಟೋಪಿಯನ್ನೂ ನೋಡಲಿಲ್ಲ. ನೇರ ಹೋಗಿ ಮೇಜಿನ ಅಂಚನ್ನು ಒತ್ತಿ ನೋಡಿ, “ಹಾಂ, ಈಗ ನೋಡಿ, ಒಂಚೂರಾದ್ರೂ ಅಲ್ಲಾಡ್ತದಾ? ನಿಮ್ಮ ನಾಳೆ ಕಾದೂ ಕಾದೂ ಸಾಕಾಗಿ ಹೊರಡೂಕೆ ಮುಂಚೆ ನಾನೇ ಒನಕೆಯಿಂದ ಮೇಜು ಮೀಟಿ ಕಾಲಿಗೊಂದು ಚಕ್ಕೆ ಕೊಟ್ಟೆ,” ಎಂದಳು.

ಮಾಸ್ತಪ್ಪನ ಕೈಯಿಂದ ಕೊಡತಿ ಜಾರಿತು. ಇಷ್ಟು ದಿನ ಆ ಪಟ್ಟಣ ನಡೆದದ್ದು ತನ್ನ ತಲೆಯ ಲೆಕ್ಕಾಚಾರದಿಂದಲ್ಲ, ತಾನು ಸರಿಮಾಡದೆ ಬಿಟ್ಟ ಗಿಡ್ಡ ಕಾಲಿನ ಇಳಿಜಾರಿನಿಂದ! ಬಗ್ಗಿ ಚಕ್ಕೆ ಎಳೆದ. ಮೇಜು ಟಕ್ಕೆಂದು ವಾಲಿತು. ಸೇತುವೆಯ ಮೇಲಿದ್ದ ಬೀಜ ಒಂದು ಕ್ಷಣ ಯೋಚಿಸಿ ಉರುಳಿಕೊಂಡು ಹೋಗಿ ಗೋಪುರಕ್ಕೆ ಬಿತ್ತು. ಹಲಸಿನ ಮರದ ಹಳದಿ ಸೂರ್ಯ ಮೇಲೆದ್ದ, ಡ್ರಾಯರ್ ತೆರೆಯಿತು. ರೇಂಜರು ಪಾಸಿನ ಕಡೆ ನೋಡುವುದನ್ನೇ ಮರೆತು ಚಪ್ಪಾಳೆ ತಟ್ಟಿದರು.

ಪಾಸು ಸರಿಯಿತ್ತು. ಹೊರಗೆ ಜೀಪು ಎರಡು ಸಲ ಹಾರನ್ ಹೊಡೆದರೂ ಚಂದ್ರಯ್ಯನವರು ಇನ್ನೊಂದು ಆಟ ಆಡಿ, ಗೆದ್ದೇ ಹೋದರು.

ಅವರು ಹೋದ ಮೇಲೆ ವರದಮ್ಮ ಗಾಜಿನೊಳಗೆ ನಿಧಾನ ಕಣ್ಣಾಡಿಸಿದಳು. “ಈ ಊರಲ್ಲಿ ‘ನಾಳೆ ಬಾ’ ಅನ್ನೂ ದೊರೆ ಯಾರು ಅಂತ ನಂಗೆ ಗೊತ್ತಿತ್ತು ಬಿಡಿ,” ಎಂದು ಒಳಗೆ ಹೋದಳು. ಮಾಸ್ತಪ್ಪನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

ಗಿಡ್ಡ ಕಾಲಿನ ಮೇಜನ್ನು ನಾಳೆಪುರಕ್ಕೇ ಬಿಟ್ಟುಕೊಟ್ಟು, ಮರುದಿನವೇ ಕೂತು ಹೆಂಡತಿಗೊಂದು ಹೊಸ ಮೇಜು ಮಾಡಿದ. ನಾಲ್ಕು ಕಾಲೂ ಸಮ, ಅಂಚಿಗೆ ಬಳ್ಳಿಯ ಕೆತ್ತನೆ. ಅವಳು ಹಪ್ಪಳದ ಮಣೆ ಇಟ್ಟು ನೋಡಿ, “ಚಂದ ಉಂಟು. ಒಂದು ಬೆರಳು ಎತ್ತರ ಜಾಸ್ತಿಯಾಯ್ತು,” ಎಂದಳು.

ಮಾಸ್ತಪ್ಪನ ಬಾಯಿ ‘ನಾ’ ಎನ್ನುವಷ್ಟು ತೆರೆದು ಮುಚ್ಚಿಕೊಂಡಿತು. ಎದ್ದು ಹೋಗಿ ಗರಗಸ ತಂದ.